ಬರ್ಲಿನ್‌ಗೆ ಕಲ್ಲಿದ್ದಲು ವಿಮಾನದಲ್ಲಿ ಬಂದದ್ದು ಯಾಕೆ?

ಪ್ರಶ್ನೆ: ಅಮೆರಿಕ, ರಷ್ಯಾ ಒಟ್ಟಿಗೆ ನಿಂತು ಹಿಟ್ಲರನನ್ನು ಸೋಲಿಸಿದವು. ಮೂರೇ ವರ್ಷದಲ್ಲಿ ಹಾವು ಮುಂಗುಸಿ ಆದದ್ದು ಹೇಗೆ ಸರ್? ಕಮ್ಯುನಿಸಂ ಕಂಡರೆ ಆಗದಿದ್ದುದೇ ಕಾರಣವಾ? ನಮ್ಮ ಪುಸ್ತಕದಲ್ಲಿ 1948ರ ಬರ್ಲಿನ್ ದಿಗ್ಬಂಧನದ ಬಗ್ಗೆ ಎರಡೇ ಸಾಲು ಇದೆ. ಅಷ್ಟು ದೊಡ್ಡ ಜಗಳ ಆಗಿಯೂ ಯುದ್ಧ ಯಾಕೆ ನಡೆಯಲಿಲ್ಲ? (ಇತಿಹಾಸ ಓದುತ್ತಿರುವ ಪದವಿ ವಿದ್ಯಾರ್ಥಿನಿ)

ಉತ್ತರ: ಎರಡು ಸಾಲು ಖಂಡಿತ ಸಾಲದಮ್ಮ. ಪಶ್ಚಿಮ ಬರ್ಲಿನ್‌ಗೆ ಹೋಗುವ ನೆಲದ ದಾರಿಗಳನ್ನೆಲ್ಲ ಸೋವಿಯತ್ ಮುಚ್ಚಿದ್ದೇ ಆ ದಿಗ್ಬಂಧನ. ನೀವು ಕೇಳಿದ ಮೂರೂ ಪ್ರಶ್ನೆಗಳ ಉತ್ತರ ಆ ಎರಡು ಸಾಲಿನೊಳಗೇ ಮುದುಡಿಕೊಂಡು ಕೂತಿದೆ. ಸ್ವಲ್ಪ ಉದ್ದವಾದರೂ ಪರವಾಗಿಲ್ಲ, ಬಿಡಿಸಿ ಹೇಳುತ್ತೇನೆ.

ಮೊದಲು ಕಮ್ಯುನಿಸಂ ವಿಷಯ. ಅಮೆರಿಕಕ್ಕೆ ಕಮ್ಯುನಿಸಂ ಕಂಡರೆ ಆಗುತ್ತಿರಲಿಲ್ಲ, ಸ್ಟಾಲಿನ್‌ಗೆ ಬಂಡವಾಳಶಾಹಿ ಕಂಡರೆ ಆಗುತ್ತಿರಲಿಲ್ಲ. ಇದು ನಿಜ. ಆದರೆ ಈ ದ್ವೇಷ 1917ರ ಕ್ರಾಂತಿಯ ಕಾಲದಿಂದಲೂ ಇತ್ತು. ಅದು ಇದ್ದೇ 1941ರಲ್ಲಿ ಇಬ್ಬರೂ ಕೈ ಜೋಡಿಸಿದರು. 1945ರ ಏಪ್ರಿಲ್ 25ರಂದು ಎಲ್ಬೆ ನದಿಯ ದಡದಲ್ಲಿ, ಟೋರ್ಗಾವ್ ಎಂಬ ಊರಿನ ಹತ್ತಿರ, ಪೂರ್ವದಿಂದ ಬಂದ ರಷ್ಯನ್ ಸೈನಿಕರೂ ಪಶ್ಚಿಮದಿಂದ ಬಂದ ಅಮೆರಿಕನ್ ಸೈನಿಕರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಾಗಾದರೆ 1945ಕ್ಕೂ 1948ಕ್ಕೂ ನಡುವೆ ಹೊಸದಾಗಿ ಏನಾಯಿತು? ನಾವು ಕೇಳಬೇಕಾದ್ದು ಅದನ್ನು. ನನ್ನ ಪ್ರಕಾರ ಉತ್ತರ ಒಂದೇ ಪದ: ಜರ್ಮನಿ. ಸೋತು ಬಿದ್ದಿರುವ ಈ ದೇಶವನ್ನು ಏನು ಮಾಡೋದು ಎಂಬುದರಲ್ಲಿ ಅವರಿಗೆ ಹೊಂದಿಕೆಯಾಗಲಿಲ್ಲ. ಮಿಕ್ಕಿದ್ದೆಲ್ಲ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟಿತು.

ಮಾಸ್ಕೋದಲ್ಲಿ ಕೂತು ನೋಡಿ. 1914ರಲ್ಲಿ ಜರ್ಮನಿಯ ಜೊತೆ ಯುದ್ಧ. 1941ರಲ್ಲಿ ಮತ್ತೆ. ಈ ಎರಡನೇ ಸಲ ಸೋವಿಯತ್ ಒಕ್ಕೂಟದಲ್ಲಿ ಸತ್ತವರು ಸುಮಾರು 2.7 ಕೋಟಿ. ಅಮೆರಿಕ ಕಳೆದುಕೊಂಡದ್ದು ಸುಮಾರು 4 ಲಕ್ಷ ಜನರನ್ನು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳದೆ ಶೀತಲ ಸಮರ ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಸ್ಟಾಲಿನ್‌ಗೆ ಬೇಕಾಗಿದ್ದದ್ದು ಎರಡು. ಜರ್ಮನಿ ಮತ್ತೆ ತಲೆ ಎತ್ತಬಾರದು, ಮತ್ತು ಅದು ಹಾಳು ಮಾಡಿದ್ದಕ್ಕೆಲ್ಲ ಪರಿಹಾರ ಕೊಡಬೇಕು. 1945ರ ಫೆಬ್ರುವರಿಯಲ್ಲಿ ಅಮೆರಿಕದ ರೂಸ್‌ವೆಲ್ಟ್, ಬ್ರಿಟನ್ನಿನ ಚರ್ಚಿಲ್, ಸ್ಟಾಲಿನ್ ಯಾಲ್ಟಾದಲ್ಲಿ ಕೂತಾಗ ಒಟ್ಟು 2,000 ಕೋಟಿ ಡಾಲರ್ ಪರಿಹಾರ, ಅದರಲ್ಲಿ ಅರ್ಧ ಸೋವಿಯತ್ತಿಗೆ, ಎಂಬ ಲೆಕ್ಕವನ್ನು ಮುಂದಿನ ಮಾತುಕತೆಗೆ ಆಧಾರವಾಗಿ ಇಟ್ಟುಕೊಳ್ಳೋಣ ಅಂತ ಆಯಿತು. ಅದು ಒಪ್ಪಂದ ಅಲ್ಲ, ಬರೀ ಆಧಾರ. ಈ ಸಣ್ಣ ವ್ಯತ್ಯಾಸ ಮುಂದೆ ದೊಡ್ಡ ಜಗಳಕ್ಕೆ ದಾರಿಯಾಯಿತು.

ಈಗ ವಾಷಿಂಗ್ಟನ್ ಕಡೆಯಿಂದ ನೋಡಿ. ಮೊದಲನೇ ಮಹಾಯುದ್ಧದ ನಂತರ ಜರ್ಮನಿಯನ್ನು ಹಿಂಡಿ ಹಿಪ್ಪೆ ಮಾಡಿದ್ದಕ್ಕೇ ಅಲ್ಲಿ ಹಿಟ್ಲರ್ ಬೆಳೆದ, ಹಸಿದ ದೇಶದಲ್ಲಿ ಇನ್ನೊಬ್ಬ ಹಿಟ್ಲರ್ ಅಥವಾ ಕಮ್ಯುನಿಸ್ಟರು ಬಂದೇ ಬರುತ್ತಾರೆ ಎಂಬ ಭಯ ಅವರದು. ಜೊತೆಗೆ ಜರ್ಮನಿಯ ರೂರ್ ಪ್ರದೇಶದ ಕಲ್ಲಿದ್ದಲು ಮೇಲೆ ಬರದಿದ್ದರೆ ಫ್ರಾನ್ಸ್, ಹಾಲೆಂಡ್, ಬೆಲ್ಜಿಯಂ ಯಾವುದರ ಕಾರ್ಖಾನೆಯೂ ಓಡುವ ಹಾಗಿರಲಿಲ್ಲ. ಒಬ್ಬರಿಗೆ ಜರ್ಮನಿ ಎದ್ದು ನಿಂತರೆ ಭಯ. ಇನ್ನೊಬ್ಬರಿಗೆ ಅದು ಮಲಗೇ ಇದ್ದರೆ ಭಯ. ಎರಡು ಭಯಗಳೂ ಸುಳ್ಳಾಗಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ.

1945ರ ಜುಲೈ, ಆಗಸ್ಟ್‌ನಲ್ಲಿ ಪಾಟ್ಸ್‌ಡಾಮ್‌ನಲ್ಲಿ ಸೇರುವ ಹೊತ್ತಿಗೆ ರೂಸ್‌ವೆಲ್ಟ್ ತೀರಿಕೊಂಡು ಟ್ರೂಮನ್ ಬಂದಿದ್ದರು. ಚರ್ಚಿಲ್ ಚುನಾವಣೆ ಸೋತು, ಸಭೆಯ ಮಧ್ಯದಲ್ಲೇ ಅವರ ಕುರ್ಚಿಗೆ ಆಟ್ಲಿ ಬಂದರು. ಜರ್ಮನಿಯನ್ನು ನಾಲ್ಕು ವಲಯ ಮಾಡಿ ಸೋವಿಯತ್, ಅಮೆರಿಕ, ಬ್ರಿಟನ್, ಫ್ರಾನ್ಸ್ ನೋಡಿಕೊಳ್ಳೋದು ಅಂತಿತ್ತು. ರಾಜಧಾನಿ ಬರ್ಲಿನ್ ಇದ್ದದ್ದು ಸೋವಿಯತ್ ವಲಯದ 160 ಕಿಲೋಮೀಟರ್ ಒಳಗೆ. ಅದನ್ನೂ ನಾಲ್ಕು ಪಾಲು ಮಾಡಿದರು. ಪರಿಹಾರವನ್ನು ಅವರವರ ವಲಯದಿಂದ ಅವರವರು ತೆಗೆದುಕೊಳ್ಳಬೇಕು, ಪಶ್ಚಿಮದ ಕಾರ್ಖಾನೆಗಳ ಯಂತ್ರಗಳಲ್ಲಿ ಒಂದು ಪಾಲು ಸೋವಿಯತ್ತಿಗೂ ಹೋಗಬೇಕು ಎಂದು ಬರೆದುಕೊಂಡರು. ಒಂದೇ ದೇಶವಾಗಿ ನಡೆಸುತ್ತೇವೆ ಅಂತಲೂ ಅದೇ ಕಾಗದದಲ್ಲಿ ಬರೆದರು. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಮನೆ ಒಂದೇ ಅಂದ ಹಾಗೆ.

ಇಲ್ಲಿ ಬ್ರಿಟನ್ನಿನ ಪಾಡನ್ನು ಯಾರೂ ಹೇಳೋದಿಲ್ಲ. ಯುದ್ಧ ಗೆದ್ದ ದೇಶ ಅದು. ಬಾಂಬು ಬೀಳುತ್ತಿದ್ದಾಗಲೂ ಅಲ್ಲಿ ಬ್ರೆಡ್ಡಿಗೆ ರೇಷನ್ ಇರಲಿಲ್ಲ. 1946ರ ಜುಲೈಯಲ್ಲಿ, ಗೆದ್ದು ಒಂದು ವರ್ಷ ಆದ ಮೇಲೆ, ಬ್ರೆಡ್ಡಿಗೆ ರೇಷನ್ ತಂದರು. ಸೋತ ಜರ್ಮನ್ನರಿಗೆ ತಿನ್ನಿಸಲು ಗೋಧಿ ಬೇಕಾಗಿದ್ದದ್ದೂ ಇದಕ್ಕೆ ಒಂದು ಕಾರಣ. ಅಷ್ಟಾದರೂ ಬ್ರಿಟಿಷ್ ವಲಯದಲ್ಲಿ ಒಬ್ಬರ ರೇಷನ್ ದಿನಕ್ಕೆ 1,000 ಕ್ಯಾಲೊರಿಯ ಆಸುಪಾಸಿಗೆ ಇಳಿದ ತಿಂಗಳುಗಳಿದ್ದವು. ಒಂದು ಕಡೆ ತಾವು ಡಾಲರ್ ಸಾಲ ಮಾಡಿ ಜರ್ಮನ್ನರನ್ನು ಸಾಕೋದು, ಇನ್ನೊಂದು ಕಡೆ ಜರ್ಮನ್ ಯಂತ್ರಗಳು ರೈಲು ಹತ್ತಿ ಪೂರ್ವಕ್ಕೆ ಹೋಗೋದು ಎಷ್ಟು ದಿನ ಅಂತ ಲಂಡನ್‌ನಲ್ಲಿ ಕೇಳತೊಡಗಿದರು. 1946ರ ಮೇ ತಿಂಗಳಲ್ಲಿ ಅಮೆರಿಕನ್ ವಲಯದ ಜನರಲ್ ಲೂಸಿಯಸ್ ಕ್ಲೇ ಪರಿಹಾರದ ಸಾಗಾಟವನ್ನು ನಿಲ್ಲಿಸಿದರು. 1947ರ ಜನವರಿ 1ರಿಂದ ಅಮೆರಿಕನ್, ಬ್ರಿಟಿಷ್ ವಲಯಗಳ ಆಡಳಿತ ಒಂದಾಯಿತು. ಮನೆಗೆ ಗೋಡೆ ಎದ್ದದ್ದು ಇಲ್ಲಿಂದ.

ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿ ಕೆನ್ನನ್ ಮಾಸ್ಕೋದಿಂದ ಕಳಿಸಿದ ಉದ್ದ ಟೆಲಿಗ್ರಾಂ (1946 ಫೆಬ್ರುವರಿ), ಚರ್ಚಿಲ್ ಫುಲ್ಟನ್‌ನಲ್ಲಿ ಮಾಡಿದ ಕಬ್ಬಿಣದ ಪರದೆಯ ಭಾಷಣ (1946 ಮಾರ್ಚ್ 5), ಇವು ನಿಮ್ಮ ಪರೀಕ್ಷೆಗೆ ಬೇಕು, ಓದಿಕೊಳ್ಳಿ. ಭಾಷಣಗಳಿಗಿಂತ ಬ್ರೆಡ್ಡು ಮತ್ತು ಕಲ್ಲಿದ್ದಲೇ ಆ ವರ್ಷಗಳನ್ನು ಜಾಸ್ತಿ ನಡೆಸಿದವು ಎಂಬುದು ನನ್ನ ಅಭಿಪ್ರಾಯ.

1947 ಮಾತ್ರ ನಿಧಾನವಾಗಿ ನೋಡಬೇಕಾದ ವರ್ಷ. ಭೀಕರ ಚಳಿಗಾಲ, ಬ್ರಿಟನ್ ಕೈ ಖಾಲಿ. ಗ್ರೀಸ್, ಟರ್ಕಿಗಳಿಗೆ ಇನ್ನು ನಮ್ಮಿಂದ ಹಣ ಕೊಡಲು ಆಗೋದಿಲ್ಲ ಎಂದು ಫೆಬ್ರುವರಿಯಲ್ಲಿ ಅಮೆರಿಕಕ್ಕೆ ಹೇಳಿಬಿಟ್ಟಿತು. ಗ್ರೀಸಿನಲ್ಲಿ ಕಮ್ಯುನಿಸ್ಟರ ಜೊತೆ ಅಂತರ್ಯುದ್ಧ ನಡೆಯುತ್ತಿತ್ತು. ಮಾರ್ಚ್ 12ರಂದು ಟ್ರೂಮನ್ ಸಂಸತ್ತಿಗೆ ಹೋಗಿ 40 ಕೋಟಿ ಡಾಲರ್ ಕೇಳಿದರು. ಕೇಳುವಾಗ, ಇದು ಬರೀ ಗ್ರೀಸಿನ ವಿಷಯವಲ್ಲ, ಪ್ರತಿ ದೇಶವೂ ಎರಡು ಬಗೆಯ ಬದುಕಿನಲ್ಲಿ ಒಂದನ್ನು ಆರಿಸಬೇಕಾಗಿದೆ ಎಂಬ ಅರ್ಥದ ಮಾತನ್ನಾಡಿದರು. ಅಲ್ಲಿಂದ ಜಗತ್ತೇ ಎರಡು ಹೋಳು ಎಂಬ ಲೆಕ್ಕ ಶುರುವಾಯಿತು.

ಆದರೆ ಗ್ರೀಸಿನ ಕಮ್ಯುನಿಸ್ಟರಿಗೆ ಜಾಸ್ತಿ ನೆರವು ಕೊಡುತ್ತಿದ್ದದ್ದು ಸ್ಟಾಲಿನ್ ಅಲ್ಲ, ಯುಗೊಸ್ಲಾವಿಯದ ಟಿಟೊ. ಗ್ರೀಸ್ ಬ್ರಿಟನ್ನಿಗೆ ಸೇರಿದ್ದು ಅಂತ ಸ್ಟಾಲಿನ್ 1944ರ ಅಕ್ಟೋಬರ್‌ನಲ್ಲೇ ಚರ್ಚಿಲ್ ಜೊತೆ ಒಪ್ಪಿಕೊಂಡಿದ್ದರು. ಮುಂದೆ ಅದೇ ಟಿಟೊನನ್ನು ಮಾಸ್ಕೋ ತನ್ನ ಕೂಟದಿಂದ ಹೊರಗೆ ಹಾಕಿತು. ಯಾವಾಗ ಗೊತ್ತಾ? 1948ರ ಜೂನ್ 28ಕ್ಕೆ, ಬರ್ಲಿನ್ ದಾರಿ ಮುಚ್ಚಿದ ಅದೇ ವಾರ. ಕಮ್ಯುನಿಸಂ ಅಂದರೆ ಮಾಸ್ಕೋದ ಒಂದೇ ಮುಷ್ಟಿ ಅಂತ ವಾಷಿಂಗ್ಟನ್ ತಿಳಿದದ್ದು ತಪ್ಪು ಲೆಕ್ಕ. ಆ ತಪ್ಪಿಗೆ ಮುಂದೆ ಬೇರೆ ಬೇರೆ ದೇಶಗಳ ಜನ ಬೆಲೆ ತೆತ್ತರು.

ಹಾಗಂತ ಸ್ಟಾಲಿನ್ ಮಾಡಿದ್ದನ್ನು ಹಗುರ ಮಾಡಬೇಡಿ. ಪೋಲೆಂಡಿನಲ್ಲಿ ಮುಕ್ತ ಚುನಾವಣೆ ನಡೆಸುತ್ತೇವೆ ಎಂದು ಯಾಲ್ಟಾದಲ್ಲಿ ಮಾತು ಕೊಟ್ಟಿದ್ದರು. 1947ರ ಜನವರಿಯಲ್ಲಿ ನಡೆದದ್ದು ಮೋಸದ ಚುನಾವಣೆ. ಜೂನ್ 5ರಂದು ಅಮೆರಿಕದ ವಿದೇಶ ಮಂತ್ರಿ ಮಾರ್ಷಲ್ ಹಾರ್ವರ್ಡ್‌ನಲ್ಲಿ ಯುರೋಪಿಗೆ ನೆರವು ಕೊಡುವ ಮಾತಾಡಿದಾಗ ಸೋವಿಯತ್ ವಿದೇಶ ಮಂತ್ರಿ ಮೊಲೊಟೊವ್ ಪ್ಯಾರಿಸ್‌ಗೆ ಬಂದರು, ಆದರೆ ಜುಲೈ 2ಕ್ಕೆ ಎದ್ದು ಹೋದರು. ದೇಶದ ಲೆಕ್ಕಪತ್ರ ಎಲ್ಲರ ಮುಂದೆ ಬಿಚ್ಚಿಡೋದು ಅವರಿಗೆ ಬೇಡವಾಗಿತ್ತು, ಆ ಹಣದಲ್ಲಿ ಜರ್ಮನಿ ಎದ್ದು ನಿಲ್ಲೋದಂತೂ ಬೇಡವೇ ಬೇಡ. ಚೆಕೊಸ್ಲೊವಾಕಿಯ ಮೊದಲು ಒಪ್ಪಿತ್ತು. ಅದರ ನಾಯಕರನ್ನು ಮಾಸ್ಕೋಗೆ ಕರೆಸಿದರು, ಒಪ್ಪಿಗೆ ವಾಪಸ್ಸಾಯಿತು. 1948ರ ಫೆಬ್ರುವರಿಯಲ್ಲಿ ಅಲ್ಲಿ ಕಮ್ಯುನಿಸ್ಟರು ಪೂರ್ತಿ ಅಧಿಕಾರ ಹಿಡಿದರು. ಮಾರ್ಚ್ 10ರ ಬೆಳಿಗ್ಗೆ ವಿದೇಶ ಮಂತ್ರಿ ಯಾನ್ ಮಸಾರಿಕ್ ಅವರ ಶವ ಅವರ ಸಚಿವಾಲಯದ ಕಿಟಕಿಯ ಕೆಳಗೆ ಅಂಗಳದಲ್ಲಿ ಸಿಕ್ಕಿತು. ಮಾರ್ಷಲ್ ಯೋಜನೆಗೆ ಹಣ ಕೊಡಲು ಅನುಮಾನಿಸುತ್ತಿದ್ದ ಅಮೆರಿಕದ ಸಂಸತ್ತು ಮೂರೇ ವಾರದಲ್ಲಿ ಒಪ್ಪಿತು. ನಾಲ್ಕು ವರ್ಷದಲ್ಲಿ ಹೋದದ್ದು ಸುಮಾರು 1,300 ಕೋಟಿ ಡಾಲರ್.

ಈಗ ಬರ್ಲಿನ್‌ಗೆ ಬರೋಣ. ದಿಗ್ಬಂಧನಕ್ಕೆ ಕಿಡಿ ಹೊತ್ತಿಸಿದ್ದು ಹೊಸ ನೋಟು.

ಯುದ್ಧ ಮುಗಿದ ಮೇಲೆ ಜರ್ಮನಿಯ ಹಳೇ ನೋಟಿಗೆ ಬೆಲೆಯೇ ಇರಲಿಲ್ಲ. ಅಂಗಡಿ ಖಾಲಿ. ಸಾಮಾನು ಇದ್ದವರು ಹಿತ್ತಲಲ್ಲಿ ಬಚ್ಚಿಟ್ಟಿದ್ದರು. ವ್ಯವಹಾರ ನಡೆಯುತ್ತಿದ್ದದ್ದು ಅಮೆರಿಕನ್ ಸಿಗರೇಟಿನಲ್ಲಿ. ಒಂದು ಸಿಗರೇಟಿಗೆ ಇಷ್ಟು ಬೆಣ್ಣೆ, ಇಷ್ಟು ಸಿಗರೇಟಿಗೆ ಒಂದು ಜೊತೆ ಬೂಟು, ಹೀಗೆ. ಪಶ್ಚಿಮದವರು ಅಮೆರಿಕದಲ್ಲಿ ಗುಟ್ಟಾಗಿ ಹೊಸ ನೋಟು ಅಚ್ಚು ಹಾಕಿಸಿ ಹಡಗಿನಲ್ಲಿ ತರಿಸಿದರು. 1948ರ ಜೂನ್ 20, ಭಾನುವಾರ. ಜನ ರೇಷನ್ ಕಚೇರಿಗಳ ಮುಂದೆ ಕ್ಯೂ ನಿಂತು ತಲೆಗೆ 40 ಹೊಸ ಮಾರ್ಕ್ ತೆಗೆದುಕೊಂಡರು. ಸೋಮವಾರ ಬೆಳಿಗ್ಗೆ ನೋಡಿದರೆ ಅಂಗಡಿಯ ಗಾಜಿನ ಹಿಂದೆ ಪಾತ್ರೆ, ಬೂಟು, ತರಕಾರಿ ಎಲ್ಲ ಪ್ರತ್ಯಕ್ಷ. ಆ ಸೋಮವಾರವನ್ನು ಕಂಡ ಜರ್ಮನ್ನರು ಅದನ್ನು ಬದುಕಿಡೀ ಮರೆಯಲಿಲ್ಲ.

ಸೋವಿಯತ್ ವಲಯದ ಗತಿ ಏನು? ಪಶ್ಚಿಮದಲ್ಲಿ ಕಸವಾದ ಹಳೇ ನೋಟೆಲ್ಲ ಪೂರ್ವಕ್ಕೆ ನುಗ್ಗುತ್ತದೆ ಅಲ್ವಾ? ಅವರೂ ಗಡಿಬಿಡಿಯಲ್ಲಿ ನೋಟು ಬದಲಿಸಬೇಕಾಯಿತು. ಹೊಸ ನೋಟು ತಯಾರಿರಲಿಲ್ಲ. ಹಳೇ ನೋಟಿನ ಮೇಲೆ ಸಣ್ಣ ಚೀಟಿ ಅಂಟಿಸಿ ಹಂಚಿದರು. ಬರ್ಲಿನ್ ಜನ ಅದಕ್ಕೆ ಗೋಡೆಕಾಗದದ ಮಾರ್ಕ್ ಅಂತ ಹೆಸರಿಟ್ಟರು. ಆ ನೋಟು ಇಡೀ ಬರ್ಲಿನ್‌ಗೆ ಅಂತ ಸೋವಿಯತ್ ಹೇಳಿತು, ಪಶ್ಚಿಮದವರು ತಮ್ಮ ನೋಟಿನ ಮೇಲೆ ಬಿ ಅಕ್ಷರದ ಗುರುತು ಹಾಕಿ ತಮ್ಮ ಪಾಲಿನ ಬರ್ಲಿನ್‌ಗೆ ತಂದರು. ಜೂನ್ 24ರ ಬೆಳಗಾಗುವಷ್ಟರಲ್ಲಿ ರೈಲು, ರಸ್ತೆ, ಕಾಲುವೆ ಎಲ್ಲ ಬಂದ್. ತಾಂತ್ರಿಕ ತೊಂದರೆ ಎಂಬ ಕಾರಣ ಕೊಟ್ಟರು. ಪೂರ್ವದಿಂದ ಬರುತ್ತಿದ್ದ ಕರೆಂಟೂ ನಿಂತಿತು. ಒಳಗೆ ಸಿಕ್ಕಿಕೊಂಡವರು 20 ಲಕ್ಷಕ್ಕೂ ಜಾಸ್ತಿ ಜನ. ಆಹಾರ ಇದ್ದದ್ದು ಸುಮಾರು 36 ದಿನಕ್ಕೆ, ಕಲ್ಲಿದ್ದಲು 45 ದಿನಕ್ಕೆ.

ಪಶ್ಚಿಮದ ವಲಯಗಳನ್ನು ಸೇರಿಸಿ ಬೇರೆ ದೇಶ ಕಟ್ಟುವ ಯೋಚನೆ ಬಿಡಿ, ಇಲ್ಲ ಬರ್ಲಿನ್ ಬಿಡಿ. ಸ್ಟಾಲಿನ್ ಹೇಳುತ್ತಿದ್ದದ್ದು ಇದು.

ಯುದ್ಧ ಯಾಕೆ ಆಗಲಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಬರ್ಲಿನ್‌ಗೆ ಹೋಗುವ ರಸ್ತೆ, ರೈಲಿನ ಬಗ್ಗೆ 1945ರಲ್ಲಿ ಯಾರೂ ಸರಿಯಾಗಿ ಬರೆಸಿಕೊಂಡಿರಲಿಲ್ಲ. ಬಾಯಿಮಾತಿನಲ್ಲಿ ನಡೆದಿತ್ತು. ಆದರೆ ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಅಂತ 1945ರ ನವೆಂಬರ್ 30ರಂದು ಮೂರು ಆಕಾಶದಾರಿಗಳನ್ನು, ಒಂದೊಂದು ಸುಮಾರು 32 ಕಿಲೋಮೀಟರ್ ಅಗಲ, ನಾಲ್ಕೂ ದೇಶದವರು ಕಾಗದದ ಮೇಲೆ ಒಪ್ಪಿಕೊಂಡಿದ್ದರು. ಕ್ಲೇ ಮೊದಲು ಟ್ಯಾಂಕು, ಬಂದೂಕು ಇಟ್ಟುಕೊಂಡು ರಸ್ತೆಯಲ್ಲೇ ನುಗ್ಗೋಣ ಅಂದಿದ್ದರು, ವಾಷಿಂಗ್ಟನ್ ಬೇಡ ಅಂತು. ರಸ್ತೆ ತೆರೆಯಬೇಕಾದರೆ ಅಮೆರಿಕ ಮೊದಲು ಗುಂಡು ಹಾರಿಸಬೇಕಿತ್ತು. ಆಕಾಶ ಮುಚ್ಚಬೇಕಾದರೆ ಸೋವಿಯತ್ ಮೊದಲು ಗುಂಡು ಹಾರಿಸಬೇಕಿತ್ತು. ಅಣುಬಾಂಬು ಆಗ ಅಮೆರಿಕದ ಬಳಿ ಮಾತ್ರ ಇತ್ತು, ನೆಲದ ಮೇಲೆ ಸೋವಿಯತ್ ಸೈನ್ಯ ಎಷ್ಟೋ ಪಟ್ಟು ದೊಡ್ಡದಿತ್ತು. ಮೊದಲ ಗುಂಡು ತನ್ನದಾಗಬಾರದು ಅಂತ ಎರಡೂ ಕಡೆಯವರು ಕೈ ಬಿಗಿಹಿಡಿದರು.

ಅಷ್ಟು ಜನರನ್ನು ಆಕಾಶದಿಂದ ಸಾಕೋದು ಆಗದ ಮಾತು ಅಂತಲೇ ಹೆಚ್ಚಿನವರು ನಂಬಿದ್ದರು. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ತನ್ನದೇ ಸೈನ್ಯವನ್ನು ಜರ್ಮನ್ ವಾಯುಪಡೆ ವಿಮಾನದಿಂದ ಸಾಕಲಾಗದೆ ಸೋತದ್ದು ಎಲ್ಲರಿಗೂ ನೆನಪಿತ್ತು. ಜೂನ್ 26ರಂದು ಶುರು ಮಾಡಿದಾಗ ಇದ್ದದ್ದು ಒಂದು ಸಲಕ್ಕೆ ಮೂರು ಟನ್ ಹೊರುವ ಹಳೇ ಡಕೋಟಾ ವಿಮಾನಗಳು. ಬೇಕಾಗಿದ್ದದ್ದು ದಿನಕ್ಕೆ ಸುಮಾರು 4,500 ಟನ್.

ಜುಲೈ ಕೊನೆಗೆ ವಿಲಿಯಂ ಟನ್ನರ್ ಎಂಬ ಜನರಲ್ ಬಂದರು. ಈತನ ಅನುಭವಕ್ಕೂ ನಮ್ಮ ದೇಶಕ್ಕೂ ಸಂಬಂಧ ಇದೆ. ಯುದ್ಧದ ಕೊನೆಯ ವರ್ಷದಲ್ಲಿ ಅಸ್ಸಾಮಿನಿಂದ ಹಿಮಾಲಯದ ತುದಿ ದಾಟಿ ಚೀನಾಕ್ಕೆ ಸಾಮಾನು ಸಾಗಿಸಿದ ಹಂಪ್ ವಿಮಾನ ಸೇವೆ ನಡೆಸಿದವರು ಇವರೇ. ಅದೇ ಯುದ್ಧಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲೂ ಅಮೆರಿಕದ ವಾಯುಪಡೆ ತನ್ನ ವಿಮಾನಗಳನ್ನು ರಿಪೇರಿ ಮಾಡಿಸುತ್ತಿತ್ತು. ಅಸ್ಸಾಮಿನ ಮಳೆಮೋಡದಲ್ಲಿ ಕಲಿತ ಪಾಠವನ್ನು ಟನ್ನರ್ ಬರ್ಲಿನ್‌ನಲ್ಲಿ ಬಳಸಿದರು.

ಆಗಸ್ಟ್ 13, ಶುಕ್ರವಾರ. ಮೋಡ ನೆಲಕ್ಕೆ ಇಳಿದಿತ್ತು, ಮಳೆ. ಟೆಂಪಲ್‌ಹಾಫ್ ನಿಲ್ದಾಣದಲ್ಲಿ ಒಂದು ವಿಮಾನ ರನ್‌ವೇ ದಾಟಿ ಹೋಗಿ ಹೊತ್ತಿಕೊಂಡಿತು, ಇನ್ನೊಂದರ ಟೈರು ಒಡೆಯಿತು. ಮೇಲೆ ವಿಮಾನಗಳು ಗುಂಪುಗುಂಪಾಗಿ ಸುತ್ತು ಹೊಡೆಯತೊಡಗಿದವು, ಅದರಲ್ಲಿ ಒಂದರೊಳಗೆ ಸ್ವತಃ ಟನ್ನರ್ ಇದ್ದರು. ಮಿಕ್ಕವರೆಲ್ಲ ವಾಪಸ್ ಹೋಗಿ ಎಂದು ಅವರೇ ರೇಡಿಯೊದಲ್ಲಿ ಹೇಳಿದರು. ಅಂದಿನಿಂದ ನಿಯಮ ಬಂತು. ಇಳಿಯಲು ಒಂದೇ ಅವಕಾಶ, ತಪ್ಪಿದರೆ ಹೊರೆ ಸಮೇತ ವಾಪಸ್, ಸುತ್ತು ಹೊಡೆಯುವ ಹಾಗಿಲ್ಲ. ಮೂರು ನಿಮಿಷಕ್ಕೊಂದು ವಿಮಾನ. ಪೈಲಟ್ ವಿಮಾನ ಬಿಟ್ಟು ದೂರ ಹೋಗಬಾರದು, ಕಾಫಿ ತಿಂಡಿಯ ಗಾಡಿಯೇ ವಿಮಾನದ ಬಳಿಗೆ ಬರುತ್ತದೆ. ರಿಪೇರಿಗೆ ಕೈ ಸಾಲದಾದಾಗ, ಮೂರು ವರ್ಷದ ಹಿಂದೆ ಶತ್ರುಗಳಾಗಿದ್ದ ಜರ್ಮನ್ ವಾಯುಪಡೆಯ ಮೆಕ್ಯಾನಿಕ್‌ಗಳನ್ನೇ ಕೆಲಸಕ್ಕೆ ತೆಗೆದುಕೊಂಡರು.

ಹೊತ್ತ ಸಾಮಾನಿನಲ್ಲಿ ಮೂರರಲ್ಲಿ ಎರಡು ಪಾಲು ಕಲ್ಲಿದ್ದಲು. ಅದನ್ನು ಸೈನಿಕರ ಬಟ್ಟೆಚೀಲಗಳಲ್ಲಿ ತುಂಬಿ ತರುತ್ತಿದ್ದರು, ಕರಿ ಧೂಳು ವಿಮಾನದ ಮೂಲೆಮೂಲೆಗೂ ಹೊಕ್ಕುತ್ತಿತ್ತು. ಆಲೂಗಡ್ಡೆಯಲ್ಲಿ ನೀರೇ ಜಾಸ್ತಿ, ನೀರು ಯಾಕೆ ಹೊರಬೇಕು ಅಂತ ಒಣಗಿಸಿ ಪುಡಿ ಮಾಡಿ ತಂದರು. ಮಾಂಸದಿಂದ ಮೂಳೆ ತೆಗೆದರು. ಉಪ್ಪು ದೊಡ್ಡ ತಲೆನೋವಾಯಿತು, ಯಾಕೆಂದರೆ ಅದು ವಿಮಾನದ ಒಳಗಿನ ಲೋಹವನ್ನು, ತಂತಿಗಳನ್ನು ತಿಂದುಹಾಕುತ್ತದೆ. ಆಗ ಬ್ರಿಟಿಷರು ಸಮುದ್ರದ ನೀರನ್ನು ತಾಳುವಂತೆ ಕಟ್ಟಿದ ಸಂಡರ್‌ಲ್ಯಾಂಡ್ ಎಂಬ ನೀರ್ವಿಮಾನಗಳಲ್ಲಿ ಉಪ್ಪು ತುಂಬಿ ಬರ್ಲಿನ್‌ನ ಹಾವೆಲ್ ನೀರಿನ ಮೇಲೆ ಇಳಿಸಿದರು. ಈ ಒಂದು ಸಂಗತಿ ಹೇಳಿದರೆ ಸಾಕು, ತರಗತಿಯಲ್ಲಿ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಊರಿನೊಳಗೆ ಕರೆಂಟು ದಿನಕ್ಕೆ ನಾಲ್ಕು ಗಂಟೆ, ಅದೂ ಎರಡು ಕಂತಿನಲ್ಲಿ. ಲೋಡ್ ಶೆಡ್ಡಿಂಗ್ ಕಂಡ ನಮಗೆ ಇದು ಬಿಡಿಸಿ ಹೇಳಬೇಕಿಲ್ಲ. ಮಧ್ಯರಾತ್ರಿ ಕರೆಂಟು ಬಂದರೆ ಹೆಂಗಸರು ಆಗಲೇ ಎದ್ದು ಅಡುಗೆ, ಇಸ್ತ್ರಿ ಮುಗಿಸುತ್ತಿದ್ದರು. ಎರಡು ನಿಲ್ದಾಣ ಸಾಲದೆ ಟೇಗಲ್‌ನಲ್ಲಿ ಮೂರನೆಯದನ್ನು ಮೂರೇ ತಿಂಗಳಲ್ಲಿ ಕಟ್ಟಿದರು. ಸಾವಿರಾರು ಜನ ಪಾಳಿಯಲ್ಲಿ ದುಡಿದರು, ಅವರಲ್ಲಿ ಎಷ್ಟೋ ಜನ ಹೆಂಗಸರು, ರನ್‌ವೇಗೆ ಹಾಸಿದ್ದು ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ ಚೂರು. ಗೇಲ್ ಹಾಲ್ವರ್ಸನ್ ಎಂಬ ಪೈಲಟ್ ಟೆಂಪಲ್‌ಹಾಫ್ ಬೇಲಿಯ ಆಚೆ ನಿಂತ ಮಕ್ಕಳಿಗೆ ತನ್ನ ಜೇಬಿನಲ್ಲಿದ್ದ ಎರಡೇ ಚ್ಯೂಯಿಂಗ್ ಗಮ್ ಕೊಟ್ಟರು. ಮಕ್ಕಳು ಅದನ್ನು ಚೂರು ಮಾಡಿ ಹಂಚಿಕೊಂಡರು, ಸಿಗದವರು ಮೇಲಿನ ಕಾಗದವನ್ನು ಮೂಸಿ ನೋಡಿದರು. ಮರುದಿನದಿಂದ ಅವರು ಕರ್ಚೀಫಿಗೆ ಚಾಕೊಲೇಟ್ ಕಟ್ಟಿ ಆಕಾಶದಿಂದ ಬಿಡತೊಡಗಿದರು.

ದಿಗ್ಬಂಧನ ಪೂರ್ತಿ ಬಿಗಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪೂರ್ವ ಬರ್ಲಿನ್‌ಗೆ ನಡೆದು ಹೋಗಿ, ಹಳ್ಳಿಗಳಿಗೆ ಹೋಗಿ, ಸೌದೆ, ಆಲೂಗಡ್ಡೆ ತರುವವರು ಬಹಳ ಜನ ಇದ್ದರು. ಪೂರ್ವಕ್ಕೆ ಬಂದು ಹೆಸರು ಬರೆಸಿದರೆ ರೇಷನ್ ಕೊಡುತ್ತೇವೆ ಅಂತ ಸೋವಿಯತ್ ಕರೆದಾಗ ಮಾತ್ರ ಹೆಸರು ಬರೆಸಿದವರು ತೀರಾ ಕಡಿಮೆ. ಸೆಪ್ಟೆಂಬರ್ 9ರಂದು, ಸುಟ್ಟು ನಿಂತಿದ್ದ ಸಂಸತ್ ಭವನದ ಮುಂದೆ ಲಕ್ಷಾಂತರ ಜನ ಸೇರಿದಾಗ ಬರ್ಲಿನ್ ಮೇಯರ್ ಆಗಿ ಆಯ್ಕೆಯಾಗಿದ್ದ ಎರ್ನ್ಸ್ಟ್ ರಾಯ್ಟರ್, ಜಗತ್ತಿನ ಜನರೇ, ಈ ನಗರದ ಕಡೆ ನೋಡಿ, ಅಂತ ಕೂಗಿ ಹೇಳಿದರು. ಆ ಚಳಿಗಾಲ 1946-47ರಷ್ಟು ಕ್ರೂರವಾಗಿರಲಿಲ್ಲ ಎಂಬ ಅದೃಷ್ಟವೂ ಇತ್ತು.

1949ರ ಏಪ್ರಿಲ್ 16ಕ್ಕೆ, ಈಸ್ಟರ್ ಹಬ್ಬದ ಹಿಂದಿನ ದಿನಕ್ಕೆ, 24 ಗಂಟೆಯಲ್ಲಿ 12,941 ಟನ್ ಇಳಿಸಿದರು. ಇತ್ತ ಪಶ್ಚಿಮದವರೂ ರೂರ್‌ನ ಕಲ್ಲಿದ್ದಲು, ಉಕ್ಕು ಪೂರ್ವಕ್ಕೆ ಹೋಗದಂತೆ ತಡೆದಿದ್ದರು, ಅದು ಸೋವಿಯತ್ ವಲಯಕ್ಕೆ ಚೆನ್ನಾಗಿಯೇ ತಟ್ಟಿತು. ವಿಶ್ವಸಂಸ್ಥೆಯಲ್ಲಿ ಇಬ್ಬರು ರಾಯಭಾರಿಗಳು ಗುಟ್ಟಾಗಿ ಮಾತಾಡಿ, ಮೇ 12ರ ಮಧ್ಯರಾತ್ರಿ ದಾಟಿದ ಕೂಡಲೇ ದಾರಿ ತೆರೆಯಿತು.

ಆ ಹೊತ್ತಿನಲ್ಲೇ ಸ್ಟಾಲಿನ್ ಯಾವುದನ್ನು ತಡೆಯಬೇಕು ಅಂತಿದ್ದರೋ ಅದೆಲ್ಲ ಆಗಿಹೋಯಿತು. ಏಪ್ರಿಲ್ 4ಕ್ಕೆ 12 ದೇಶಗಳ ಸೈನಿಕ ಕೂಟ ನೇಟೊ, ಮೇ 23ಕ್ಕೆ ಪಶ್ಚಿಮ ಜರ್ಮನಿಯ ಸಂವಿಧಾನ. ಅಕ್ಟೋಬರ್ 7ಕ್ಕೆ ಪೂರ್ವ ಜರ್ಮನಿಯೂ ಹುಟ್ಟಿತು. ಆಗಸ್ಟ್‌ನಲ್ಲಿ ಸೋವಿಯತ್ ಅಣುಬಾಂಬು ಸಿಡಿಸಿತ್ತು, ಅಕ್ಟೋಬರ್ 1ಕ್ಕೆ ಚೀನಾ ಮಾವೋ ಕೈಗೆ ಬಂದಿತ್ತು. ಜಗಳ ಇನ್ನು ಏಷ್ಯಾದ ಕಡೆ ತಿರುಗಿತು, ಅದು ಬೇರೆಯೇ ಉತ್ತರಕ್ಕೆ ಆಗುವಷ್ಟು ದೊಡ್ಡ ಕತೆ.

ದಾರಿ ತೆರೆದ ಮೇಲೂ ವಿಮಾನಗಳು ಸೆಪ್ಟೆಂಬರ್ 30ರವರೆಗೆ ಹಾರುತ್ತಲೇ ಇದ್ದವು, ಮತ್ತೆ ಮುಚ್ಚಿದರೆ ಅಂತ ಗೋದಾಮು ತುಂಬಿಸಿಡಲು. ಒಟ್ಟು ಸುಮಾರು 2.78 ಲಕ್ಷ ಹಾರಾಟ, ಸುಮಾರು 23 ಲಕ್ಷ ಟನ್. ಬರ್ಲಿನ್‌ನಲ್ಲಿ ನಿಮ್ಮವರು ಯಾರಾದರೂ ಇದ್ದರೆ ಟೆಂಪಲ್‌ಹಾಫ್ ಮುಂದಿನ ಸ್ಮಾರಕದ ಫೋಟೊ ಕಳಿಸಲು ಹೇಳಿ. ಕಾಂಕ್ರೀಟಿನ ದೊಡ್ಡ ಕಮಾನು, ತುದಿಯಲ್ಲಿ ಪಶ್ಚಿಮಕ್ಕೆ ಬಾಗಿದ ಮೂರು ಹಲ್ಲು, ಮೂರು ಆಕಾಶದಾರಿಗಳ ಗುರುತು. ಊರಿನವರು ಅದನ್ನು ಕರೆಯೋದು ಹಸಿವಿನ ಹಲುಬೆ ಅಂತ, ನಮ್ಮ ರೈತರು ಹೊಲದಲ್ಲಿ ಎಳೆಯುವ ಹಲ್ಲಿನ ಕುಂಟೆ ಇರುತ್ತದಲ್ಲ, ಹಾಗೆ. ಅದರ ಬುಡದಲ್ಲಿ ಆ ಹಾರಾಟಗಳಲ್ಲಿ ಸತ್ತವರ ಹೆಸರು ಕೆತ್ತಿದ್ದಾರೆ.